ಬಾಣಂತಿ ಇಲಿಯ ಆತಂಕ ಅಳೆಯಲು ಎಲಿವೇಟೆಡ್ ಪ್ಲಸ್ ಮೇಜ್: ಕೊಳ್ಳಬಹುದೇ, ಕೊಂಡರೆ ಹೇಗೆ ಬಳಸಬೇಕು

ನರವಿಜ್ಞಾನದ ಹೊಸ ಲ್ಯಾಬ್‌ನವರು ಖರೀದಿ ಪಟ್ಟಿ ಮಾಡಲು ಕೂತರೆ ಎಲಿವೇಟೆಡ್ ಪ್ಲಸ್ ಮೇಜ್ ಅದರಲ್ಲಿ ಬಂದೇ ಬರುತ್ತದೆ. ಮೇಜ್ ಎಂದರೆ ಇಲ್ಲಿ ಟೇಬಲ್ ಅಲ್ಲ, ಪ್ರಾಣಿಯ ಓಡಾಟ ನೋಡಲು ಕಟ್ಟಿದ ದಾರಿ. ನೆಲದಿಂದ ಎತ್ತರದಲ್ಲಿ, ಪ್ಲಸ್ ಗುರುತಿನಂತೆ ಕೂಡಿಸಿದ ನಾಲ್ಕು ತೋಳಿನ ಹಲಗೆ ಇದು. ಎದುರುಬದುರಿನ ಎರಡು ತೋಳಿಗೆ ಗೋಡೆ ಇರುತ್ತದೆ, ಉಳಿದೆರಡಕ್ಕೆ ಇಲ್ಲ. ಇಲಿಯನ್ನು ನಡುವಿನ ಚೌಕದಲ್ಲಿ ಬಿಟ್ಟು 5 ನಿಮಿಷ ನೋಡುತ್ತಾರೆ. ಗೋಡೆಯ ಆಸರೆ ಬಿಟ್ಟು ಬಯಲು ತೋಳಿಗೆ ಎಷ್ಟು ಸಲ, ಎಷ್ಟು ಹೊತ್ತು ಬರುತ್ತದೆ ಅನ್ನುವುದೇ ಅಳತೆ. ಮೋಟಾರ್ ಇಲ್ಲ, ಶಾಕ್ ಇಲ್ಲ, ಇಲಿಯನ್ನು ಹಸಿವಿನಲ್ಲಿಡುವ ಹಂಗಿಲ್ಲ, ತರಬೇತಿಯ ಗೊಡವೆಯೂ ಇಲ್ಲ. 1984ರಲ್ಲಿ ಹ್ಯಾಂಡ್ಲಿ ಮತ್ತು ಮಿಥಾನಿ ಇದನ್ನು ಔಷಧ ಪರೀಕ್ಷೆಗೆ ಬಳಸಿದರು. 1985ರಲ್ಲಿ ಪೆಲೋ, ಫೈಲ್ ಮತ್ತು ಸಂಗಡಿಗರು ಇಲಿಯ ಆತಂಕ ಅಳೆಯಲು ಇದು ನಂಬಿಕೆಗೆ ಅರ್ಹವೇ ಎಂದು ಒರೆಗೆ ಹಚ್ಚಿ ನೋಡಿದರು. 1987ರಲ್ಲಿ ಲಿಸ್ಟರ್ ಇದನ್ನು ಮೌಸ್‌ಗೆ, ಅಂದರೆ ಚಿಟ್ಟಿಲಿಗೆ, ಹೊಂದಿಸಿದರು. ಅಂದಿನಿಂದ ಇಂದಿನವರೆಗೆ ವಿನ್ಯಾಸ ಹೆಚ್ಚೇನೂ ಬದಲಾಗಿಲ್ಲ.

ಇಲ್ಲಿ ಈ ಸಾಧನವನ್ನು ಒಂದೇ ಕೆಲಸದ ಕಣ್ಣಿನಿಂದ ನೋಡಿದೆ: ಮರಿ ಹಾಕಿ ಹಾಲೂಡಿಸುತ್ತಿರುವ ಹೆಣ್ಣಿಲಿಯ ಆತಂಕ, ಮತ್ತು ಅದರ ಹಿಂದಿರುವ ಮಿದುಳಿನ ಒತ್ತಡದ ರಸಾಯನ. ಗಂಡಿಲಿಗೆ ಬರೆದ ವಿಧಾನವನ್ನೇ ಬಾಣಂತಿಗೂ ಹಚ್ಚಿದರೆ ಸಿಗುವ ಅಂಕಿ ದಾರಿ ತಪ್ಪಿಸುತ್ತದೆ. ಸಾಧನ ಒಳ್ಳೆಯದು, ಕೊಳ್ಳಿ. ಆದರೆ ದುಬಾರಿ ಸಾಫ್ಟ್‌ವೇರಿಗೆ ಸುರಿಯುವ ಹಣವನ್ನು ಕೋಣೆಗೆ, ಬೆಳಕಿಗೆ, ಮರಿಗಳನ್ನು ಬೆಚ್ಚಗಿಡುವ ವ್ಯವಸ್ಥೆಗೆ ಹಾಕಿ. ಬಾಣಂತಿ ಈ ಹಲಗೆಯ ಮೇಲೆ ತೋರಿಸುವುದರಲ್ಲಿ ಆಕೆಯ ಸ್ವಭಾವ ಎಷ್ಟಿದೆಯೋ, ಕೊನೆಯ ಸಲ ಮರಿಯ ಮೈ ತಾಗಿ ಎಷ್ಟು ಹೊತ್ತಾಯಿತು ಅನ್ನುವುದೂ ಅಷ್ಟೇ ಇದೆ.

ಬಾಣಂತಿಯೇ ಯಾಕೆ ಬೇರೆ

ಒತ್ತಡದ ಕಥೆ ಸಿಆರ್‌ಎಫ್ ಎಂಬ ಪೆಪ್ಟೈಡ್‌ನಿಂದ ಶುರುವಾಗುತ್ತದೆ. 41 ಅಮೈನೋ ಆಮ್ಲಗಳ ಈ ಸರಪಳಿಯನ್ನು ವೈಲಿ ವೇಲ್ ಮತ್ತು ಸಂಗಡಿಗರು ಸಾಕ್ ಸಂಸ್ಥೆಯಲ್ಲಿ ಕುರಿಯ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್‌ನಿಂದ ಬೇರ್ಪಡಿಸಿ 1981ರಲ್ಲಿ ಪ್ರಕಟಿಸಿದರು. ಹೈಪೋಥಲಾಮಸ್‌ನಿಂದ ಹೊರಟ ಸಿಆರ್‌ಎಫ್ ಪಿಟ್ಯುಟರಿ ಗ್ರಂಥಿಗೆ ಎಸಿಟಿಎಚ್ ಎಂಬ ಹಾರ್ಮೋನ್ ಬಿಡಲು ಹೇಳುತ್ತದೆ, ಎಸಿಟಿಎಚ್ ಅಡ್ರಿನಲ್ ಗ್ರಂಥಿಯಿಂದ ಸ್ಟೀರಾಯ್ಡ್ ಹಾರ್ಮೋನ್ ಹೊರಡಿಸುತ್ತದೆ. ಮನುಷ್ಯರಲ್ಲಿ ಅದು ಮುಖ್ಯವಾಗಿ ಕಾರ್ಟಿಸೋಲ್, ಇಲಿಯಲ್ಲಿ ಕಾರ್ಟಿಕೋಸ್ಟೆರಾನ್. ಇದು ಪಠ್ಯಪುಸ್ತಕದ ದಾರಿ. ಆದರೆ ಇದೇ ಸಿಆರ್‌ಎಫ್ ಮಿದುಳಿನೊಳಗೇ, ಅಮಿಗ್ಡಲಾದಲ್ಲಿ ಮತ್ತು ಬಿಎನ್‌ಎಸ್‌ಟಿ ಎಂದು ಕರೆಯುವ ಪಕ್ಕದ ಭಾಗದಲ್ಲಿ, ರಕ್ತದ ಹಾರ್ಮೋನಿನ ಹಂಗಿಲ್ಲದೆ ನೇರವಾಗಿ ಕೆಲಸ ಮಾಡುತ್ತದೆ. ಅದು ಬಂದು ಅಂಟುವ ಗ್ರಾಹಕಗಳು, ಅಂದರೆ ನರಕೋಶದ ರಿಸೆಪ್ಟರ್‌ಗಳು, ಎರಡು ಬಗೆ: ಒಂದನೆಯ ಬಗೆ ಮತ್ತು ಎರಡನೆಯ ಬಗೆ. ಯೂರೋಕಾರ್ಟಿನ್ ಎಂಬ ನೆಂಟ ಪೆಪ್ಟೈಡ್‌ಗಳೂ ಇವಕ್ಕೆ ಅಂಟುತ್ತವೆ.

ಹೆರಿಗೆಯಾದ ಹೆಣ್ಣಿಲಿಯಲ್ಲಿ ಈ ಇಡೀ ವ್ಯವಸ್ಥೆಯ ದನಿ ತಗ್ಗಿರುತ್ತದೆ. ಅದೇ ಒತ್ತಡ ಕೊಟ್ಟರೂ ಎಸಿಟಿಎಚ್ ಮತ್ತು ಕಾರ್ಟಿಕೋಸ್ಟೆರಾನ್ ಕನ್ಯೆ ಇಲಿಯಲ್ಲಿ ಏರಿದಷ್ಟು ಏರುವುದಿಲ್ಲ. ಈ ತಗ್ಗುವಿಕೆ ಕೇವಲ ವಿಶ್ರಾಂತಿಯಲ್ಲ, ತಾಯ್ತನಕ್ಕೆ ಬೇಕೇ ಬೇಕಾದ ಷರತ್ತು. ಜರ್ಮನಿಯ ರೆಗೆನ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆಲಿವರ್ ಬಾಶ್, ಇಂಗಾ ನೊಯ್‌ಮನ್, ಸ್ಟೆಫಾನಿ ಕ್ಲಾಂಪ್‌ಫ್ಲ್ ಮತ್ತು ಸಂಗಡಿಗರು ಹಾಲೂಡಿಸುವ ಇಲಿಯ ಮಿದುಳಿನ ಕುಹರಕ್ಕೆ ಸಿಆರ್‌ಎಫ್ ಬಿಟ್ಟು ನೋಡಿ 2013ರಲ್ಲಿ ಪ್ರಕಟಿಸಿದರು: ಹಾಲೂಡಿಸುವುದು ಕುಗ್ಗಿತು, ಗೂಡಿಗೆ ನುಗ್ಗಿದ ಅಪರಿಚಿತ ಇಲಿಯ ಮೇಲೆ ಏರಿ ಹೋಗುವ ಸಿಟ್ಟೂ ಕುಗ್ಗಿತು. ಅದೇ ತಂಡ ಮುಂದೆ ಬಿಎನ್‌ಎಸ್‌ಟಿಯ ಹಿಂಭಾಗದಲ್ಲಿ ಎರಡನೆಯ ಬಗೆಯ ಗ್ರಾಹಕ ಸುಮ್ಮನಿರಬೇಕು ಎಂದೂ, ಮುಂಭಾಗದಲ್ಲಿ ಒಂದನೆಯ ಬಗೆಯ ಗ್ರಾಹಕವನ್ನು ಎಚ್ಚರಿಸಿದರೆ ತಾಯಿ ಮರಿಗಳನ್ನು ಅಲಕ್ಷಿಸುತ್ತದೆ ಎಂದೂ ತೋರಿಸಿತು. ಇದಕ್ಕೂ ಬಹಳ ಹಿಂದೆ, 1991ರಲ್ಲೇ, ಪೆಡರ್ಸನ್ ಮತ್ತು ಸಂಗಡಿಗರು ಸಿಆರ್‌ಎಫ್ ತಾಯ್ತನದ ವರ್ತನೆಯನ್ನು ತಡೆಯುತ್ತದೆ, ಮರಿಗಳನ್ನು ಕೊಲ್ಲುವಷ್ಟು ದೂರಕ್ಕೂ ಒಯ್ಯುತ್ತದೆ ಎಂದು ವರದಿ ಮಾಡಿದ್ದರು.

ಪ್ಲಸ್ ಮೇಜ್ ಕೊಳ್ಳುವವರಿಗೆ ಇದೆಲ್ಲದರಿಂದ ಏನು? ಎರಡು ಮಾತು. ಮೊದಲನೆಯದು, ಮೇಜ್ ಮೇಲೆ ಕಂಡ ಆತಂಕಕ್ಕೂ ರಕ್ತದಲ್ಲಿ ಸಿಕ್ಕ ಕಾರ್ಟಿಕೋಸ್ಟೆರಾನ್‌ಗೂ ತಾಳೆ ಬೀಳಲೇಬೇಕೆಂದಿಲ್ಲ. ಬಿಎನ್‌ಎಸ್‌ಟಿಯ ಮುಂಭಾಗದ ಪರಿಣಾಮ ಆ ಹಾರ್ಮೋನಿನ ದಾರಿಯನ್ನು ಬಳಸದೆಯೇ ನಡೆಯುತ್ತದೆ. ಎರಡನೆಯದು ಇನ್ನೂ ಮುಖ್ಯ. ಬಾಣಂತಿ ಇಲಿ ಕನ್ಯೆ ಇಲಿಗಿಂತ ಧೈರ್ಯವಾಗಿ ಬಯಲು ತೋಳಿಗೆ ಬರುತ್ತದೆ ಅನ್ನುವುದು ಮೊದಲ ವಾರದಲ್ಲಿ ಸ್ಪಷ್ಟವಾಗಿ ಕಾಣುವ ಸಂಗತಿ. ಆದರೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜೋಸೆಫ್ ಲಾನ್‌ಸ್ಟೈನ್ 2005ರಲ್ಲಿ ತೋರಿಸಿದಂತೆ ಆ ಧೈರ್ಯಕ್ಕೆ ಮರಿಗಳ ಜತೆ ಇತ್ತೀಚಿನ ಮೈ ಸಂಪರ್ಕ ಬೇಕು. ಮರಿ ಮೊಲೆ ಚೀಪಲೇಬೇಕೆಂದಿಲ್ಲ, ಮೈ ತಾಗಬೇಕು. 4 ಗಂಟೆ ಮರಿಗಳನ್ನು ದೂರವಿಟ್ಟರೆ ಆ ಧೈರ್ಯ ಮಾಯವಾಗುತ್ತದೆ.

ಅಂದರೆ ಬೆಳಿಗ್ಗೆ 9ಕ್ಕೆ ಎಲ್ಲ ತಾಯಂದಿರನ್ನೂ ಮರಿಗಳಿಂದ ಬೇರ್ಪಡಿಸಿ ಸಾಲಾಗಿ ಇಟ್ಟುಕೊಂಡು ಒಂದೊಂದಾಗಿ ಮೇಜ್‌ಗೆ ಬಿಟ್ಟರೆ, ಮೊದಲನೆಯ ಇಲಿ ಬಾಣಂತಿಯಂತೆ ನಡೆದುಕೊಳ್ಳುತ್ತದೆ, ಮಧ್ಯಾಹ್ನದ ಇಲಿ ಕನ್ಯೆಯಂತೆ. ಸರಾಸರಿ ತೆಗೆದಾಗ ಎರಡೂ ಅಲ್ಲದ ಒಂದು ಅಂಕಿ ಕೈಗೆ ಬರುತ್ತದೆ. ಬಾಣಂತಿಯ ಪ್ರಯೋಗಗಳು ಕೈಕೊಡುವುದು ಬಹಳ ಸಲ ಇಲ್ಲೇ, ಹಲಗೆಯ ಗುಣಮಟ್ಟದಲ್ಲಿ ಅಲ್ಲ.

ಕಟ್ಟುವಿಕೆ ಮತ್ತು ಅಳತೆ

ಇಲಿಯ ಮೇಜ್‌ನ ರೂಢಿಯ ಅಳತೆ: ತೋಳಿನ ಉದ್ದ 50 ಸೆಂ.ಮೀ., ಅಗಲ 10 ಸೆಂ.ಮೀ., ನಡುವಿನ ಚೌಕ 10ಕ್ಕೆ 10, ಗೋಡೆ 40 ಸೆಂ.ಮೀ., ನೆಲದಿಂದ ಎತ್ತರ 50 ಸೆಂ.ಮೀ. ಚಿಟ್ಟಿಲಿಗೆ ತೋಳು 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಗೋಡೆ 15 ಸೆಂ.ಮೀ., ಎತ್ತರ ಸುಮಾರು 40 ಸೆಂ.ಮೀ. ಕೆಲವು ಮಾರಾಟಗಾರರು ಎರಡಕ್ಕೂ ಹೊಂದುತ್ತದೆ ಎಂದು ನಡುವಿನ ಅಳತೆಯದೊಂದನ್ನು ತೋರಿಸುತ್ತಾರೆ. ಬೇಡ. ಚಿಟ್ಟಿಲಿಗೆ ಅಗಲವಾದ ಬಯಲು ತೋಳು ಸಾಕಷ್ಟು ಭಯ ಹುಟ್ಟಿಸುವುದಿಲ್ಲ, ಇಲಿಗೆ ಇಕ್ಕಟ್ಟಾದ ತೋಳಿನಲ್ಲಿ ತಿರುಗಲು ಆಗುವುದಿಲ್ಲ. ಬಾಣಂತಿಗೆ ಈ ಎರಡನೆಯ ತೊಂದರೆ ಜಾಸ್ತಿ. 300 ಗ್ರಾಂ ಹತ್ತಿರದ, ಹೊಟ್ಟೆ ಜೋಲುವ ಹೆಣ್ಣಿಲಿ 10 ಸೆಂ.ಮೀ. ಹಲಗೆಯ ಮೇಲೆ ತಿರುಗುವುದನ್ನು ಗಮನಿಸಿ: ಹಿಂಗಾಲು ಅಂಚಿಗೆ ಬರುತ್ತದೆ, ಒಂದು ಕ್ಷಣ ನಿಂತು ಬಾಲವನ್ನು ಬದಿಗೆ ಒತ್ತಿ ತೂಗಿಸಿಕೊಳ್ಳುತ್ತದೆ, ಆಮೇಲೆ ತಿರುಗುತ್ತದೆ. ಗರ್ಭದ ಕೊನೆಯ ದಿನಗಳಲ್ಲಂತೂ ಇದು ಆತಂಕದ ಪರೀಕ್ಷೆಯಾಗಿ ಉಳಿಯದೆ ತೂಕ ಸಂಭಾಳಿಸುವ ಪರೀಕ್ಷೆಯಾಗಿಬಿಡುತ್ತದೆ. ತುಂಬು ಗರ್ಭಿಣಿಗಳಿಗೆ ಪ್ಲಸ್ ಮೇಜ್ ಬಳಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಯಲು ತೋಳಿನ ಸುತ್ತ ಅರ್ಧ ಸೆಂ.ಮೀ. ಅಂಚುಪಟ್ಟಿ ಇರಲಿ. ಅದು ಕಾಲಿಗೆ ಹಿಡಿತ ಕೊಡುತ್ತದೆ, ಬೀಳುವುದನ್ನು ತಪ್ಪಿಸುತ್ತದೆ. ಆದರೆ ಅಂಚಿದ್ದ ಮೇಜ್‌ನಲ್ಲಿ ಇಲಿಗಳು ಬಯಲಿಗೆ ಹೆಚ್ಚು ಬರುತ್ತವೆ, ಹಾಗಾಗಿ ಅಂಚಿಲ್ಲದ ಮೇಜ್‌ನ ಹಳೆಯ ಅಂಕಿಗಳ ಪಕ್ಕ ಇದನ್ನು ಇಟ್ಟು ಹೋಲಿಸಬೇಡಿ. ಅಂಚನ್ನು ಅರ್ಧ ಪ್ರಯೋಗದಲ್ಲಿ ಅಂಟಿಸುವುದು, ಕಿತ್ತು ಹಾಕುವುದು ಎರಡೂ ತಪ್ಪು. ಮುಚ್ಚಿದ ತೋಳಿನ ಗೋಡೆ ಪಾರದರ್ಶಕವಾಗಿರಬಾರದು. ನೋಡಲು ಚಂದ, ಕ್ಯಾಮೆರಾಗೆ ಅನುಕೂಲ ಎಂದು ಕ್ಲಿಯರ್ ಅಕ್ರಿಲಿಕ್ ಗೋಡೆ ಕೊಡುವವರಿದ್ದಾರೆ. ಇಲಿಗೆ ಅದರಿಂದ ಆಸರೆಯ ಭಾವ ಸರಿಯಾಗಿ ಸಿಗುವುದಿಲ್ಲ, ಎರಡು ಬಗೆಯ ತೋಳಿನ ನಡುವಿನ ಅಂತರವೇ ಮಸುಕಾಗುತ್ತದೆ.

ಈಗ ಸಾಮಗ್ರಿ. ಮೂರು ಬಗೆ ಮಾರುಕಟ್ಟೆಯಲ್ಲಿ ಸಿಗುತ್ತವೆ: ಪ್ಲೈವುಡ್ ಮೇಲೆ ಲ್ಯಾಮಿನೇಟ್, ಅಕ್ರಿಲಿಕ್, ಪಿವಿಸಿ ಅಥವಾ ಪೌಡರ್ ಕೋಟ್ ಮಾಡಿದ ಲೋಹ. ಪ್ಲೈವುಡ್ ಅಗ್ಗ, ಗಟ್ಟಿ, ಅಲುಗಾಡುವುದಿಲ್ಲ. ಆದರೆ ಲ್ಯಾಮಿನೇಟ್ ಜೋಡಣೆಯ ಸಂದಿಯಲ್ಲಿ ಮೂತ್ರ ಇಳಿದರೆ ಮುಗಿಯಿತು. ಹಿಂದಿನ ಇಲಿಯ ಭಯದ ವಾಸನೆ ಮುಂದಿನ ಇಲಿಗೆ ಸಿಗುತ್ತದೆ, ಮರವೂ ಉಬ್ಬುತ್ತದೆ. ಪ್ಲೈವುಡ್ ಕೊಂಡರೆ ಪ್ರತಿ ಸಂದಿಗೂ ಸಿಲಿಕೋನ್ ಸೀಲಂಟ್ ಹಾಕಿಸಿ, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಬಿಡಿ. ಅಕ್ರಿಲಿಕ್ ತೊಳೆಯಲು ಸುಲಭ. ಅದರ ಶತ್ರು ಆಲ್ಕೋಹಾಲ್. 70 ಶೇಕಡಾ ಎಥನಾಲ್‌ನಿಂದ ದಿನಾ ಒರೆಸಿದರೆ ಕೊರೆದ ಅಂಚು ಮತ್ತು ಸ್ಕ್ರೂ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಏಳುತ್ತವೆ, ಆಮೇಲೆ ಅವೇ ವಾಸನೆ ಹಿಡಿಯುವ ಜಾಗಗಳಾಗುತ್ತವೆ. ಅಕ್ರಿಲಿಕ್‌ಗೆ ಸೌಮ್ಯ ಸೋಪು ನೀರು, ಆಮೇಲೆ ಬರೀ ನೀರು, ಆಮೇಲೆ ಒಣ ಬಟ್ಟೆ ಸಾಕು. ಲೋಹದ್ದು ಎಲ್ಲವನ್ನೂ ತಡೆಯುತ್ತದೆ, ಆದರೆ ನೆಲ ತಣ್ಣಗಿರುತ್ತದೆ, ಉಗುರಿನ ಸದ್ದು ಬರುತ್ತದೆ. ನನ್ನ ಆಯ್ಕೆ ಮ್ಯಾಟ್ ಫಿನಿಶ್‌ನ ಪಿವಿಸಿ ನೆಲ, ಲೋಹದ ಕಾಲು.

ಮ್ಯಾಟ್ ಅನ್ನುವುದನ್ನು ಒತ್ತಿ ಹೇಳಬೇಕು. ಹೊಳಪಿನ ನೆಲದಲ್ಲಿ ಬೆಳಕು ಪ್ರತಿಫಲಿಸಿ ಸಾಫ್ಟ್‌ವೇರ್ ಆ ಹೊಳಪನ್ನೇ ಇಲಿ ಎಂದುಕೊಳ್ಳುತ್ತದೆ. ಬಣ್ಣವನ್ನು ಇಲಿಗೆ ತಕ್ಕಂತೆ ಆರಿಸಿ: ವಿಸ್ಟಾರ್ ಅಥವಾ ಸ್ಪ್ರಾಗ್ ಡಾಲಿಯಂಥ ಬಿಳಿ ಇಲಿಗೆ ಕಪ್ಪು ನೆಲ, ಕಪ್ಪು ಚಿಟ್ಟಿಲಿಗೆ ತಿಳಿ ಬೂದು ನೆಲ.

ಅಲುಗಾಟದ ಪರೀಕ್ಷೆಯನ್ನು ಸಾಮಾನು ಇಳಿಸಿಕೊಳ್ಳುವಾಗಲೇ ಮಾಡಿ. ತೋಳಿನ ತುದಿಗೆ 500 ಗ್ರಾಂ ತೂಕ ಇಟ್ಟು ಲೆವೆಲ್ ಬಬಲ್ ನೋಡಿ. ಬಬಲ್ ಕಣ್ಣಿಗೆ ಕಾಣುವಷ್ಟು ಸರಿದರೆ ವಾಪಸ್ ಕಳಿಸಿ. ನಡುವೆ ಒಂದೇ ಕಂಬದ ಮೇಲೆ ನಿಲ್ಲುವ ಮಾದರಿಗಳಲ್ಲಿ ಈ ದೋಷ ಬರುವ ಸಂಭವ ಹೆಚ್ಚು. ಪ್ರತಿ ತೋಳಿನ ಕೆಳಗೂ ಕಾಲಿರುವುದು ಉತ್ತಮ. ಹೆಜ್ಜೆಯಿಟ್ಟಾಗ ಬಗ್ಗುವ ತೋಳಿಗೆ ಯಾವ ಇಲಿಯೂ ಎರಡನೆಯ ಸಲ ಹೋಗುವುದಿಲ್ಲ. ಭಾರ ಹೆಚ್ಚಿದ ಬಾಣಂತಿಯ ಕೆಳಗೆ ತೋಳು ಹೆಚ್ಚು ಬಗ್ಗುತ್ತದೆ, ಹಗುರ ಕನ್ಯೆಯ ಕೆಳಗೆ ಕಡಿಮೆ. ಆಗ ಎರಡು ಗುಂಪಿನ ವ್ಯತ್ಯಾಸ ಹಾರ್ಮೋನಿನಿಂದ ಬಂತೋ ಬಡಗಿಯಿಂದ ಬಂತೋ ಎಂದು ಹೇಳಲಾಗುವುದಿಲ್ಲ.

ಕ್ಯಾಮೆರಾ ನಡುಚೌಕದ ನೇರ ಮೇಲೆಯೇ ಇರಬೇಕು. ಲೆಕ್ಕ ಸರಳ: ಕ್ಯಾಮೆರಾ ಹಲಗೆಯಿಂದ 150 ಸೆಂ.ಮೀ. ಮೇಲಿದ್ದು, ಮುಚ್ಚಿದ ತೋಳಿಗೆ ಅಡ್ಡವಾಗಿ 20 ಸೆಂ.ಮೀ. ಸರಿದಿದ್ದರೆ, 40 ಸೆಂ.ಮೀ. ಗೋಡೆ ಆ ತೋಳಿನ ನೆಲದ ಅರ್ಧ ಅಗಲವನ್ನು ಮರೆಮಾಡುತ್ತದೆ. ಗೋಡೆಗೆ ಅಂಟಿಕೊಂಡು ಕೂತ ಇಲಿ ಕಾಣುವುದೇ ಇಲ್ಲ. ತೂಗುಬಟ್ಟು ಇಳಿಬಿಟ್ಟು ಲೆನ್ಸ್ ನಡು ಹಿಡಿಯಿರಿ. ತುದಿಯಿಂದ ತುದಿಗೆ 110 ಸೆಂ.ಮೀ. ಇರುವ ಹಲಗೆ, ಸುತ್ತ ಒಂದಷ್ಟು ಅಂಚಿನ ಸಮೇತ, ಚೌಕಟ್ಟಿನಲ್ಲಿ ಹಿಡಿಸಬೇಕು.

ಕೋಣೆ

ಸಾಧನದ ಜತೆ ಬರದ, ಆದರೆ ಅದಿಲ್ಲದೆ ಸಾಧನಕ್ಕೆ ಅರ್ಥವಿಲ್ಲದ ವಸ್ತು ಬೆಳಕು ಅಳೆಯುವ ಲಕ್ಸ್ ಮೀಟರ್. ನಾಲ್ಕೂ ತುದಿಯಲ್ಲಿ, ಹಲಗೆಯ ಮಟ್ಟದಲ್ಲಿ ಅಳೆಯಿರಿ. ಎರಡು ಬಯಲು ತೋಳಿನ ಅಳತೆ ಒಂದೇ ಇರಬೇಕು. ಬೆಳಕು 100 ಲಕ್ಸ್ ಒಳಗಿರಲಿ. ಟ್ಯೂಬ್‌ಲೈಟ್ ನೇರ ತಲೆಯ ಮೇಲೆ ಉರಿಯುತ್ತಿದ್ದರೆ ಎಲ್ಲ ಇಲಿಗಳೂ ಮುಚ್ಚಿದ ತೋಳಿನಲ್ಲೇ ಕೂತುಬಿಡುತ್ತವೆ, ಬಯಲಿನ ಸಮಯ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಸಿಆರ್‌ಎಫ್ ಕೊಟ್ಟು ಆತಂಕ ಹೆಚ್ಚಿತೇ ಎಂದು ನೋಡುವವರಿಗೆ ಇದು ದೊಡ್ಡ ಹೊಡೆತ, ಯಾಕೆಂದರೆ ಸೊನ್ನೆಯಿಂದ ಕೆಳಗೆ ಇಳಿಯಲು ಜಾಗವಿಲ್ಲ. ಅಂಥ ಪ್ರಯೋಗಕ್ಕೆ ಬೆಳಕು ತಗ್ಗಿಸಿ, ಆತಂಕ ತಗ್ಗಿಸುವ ಔಷಧ ನೋಡುವಾಗ ತುಸು ಏರಿಸಿ.

ಸದ್ದು ಇನ್ನೊಂದು. ಗೂಡಿನಿಂದ ಬೇರಾದ ಇಲಿಮರಿ ಸುಮಾರು 40 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ. ಅದು ನಮಗೆ ಕೇಳುವುದಿಲ್ಲ, ತಾಯಿಗೆ ಕೇಳುತ್ತದೆ. ಮರಿಗಳ ಪೆಟ್ಟಿಗೆಯನ್ನು ಪರೀಕ್ಷೆಯ ಕೋಣೆಯ ಮೂಲೆಯಲ್ಲಿಟ್ಟರೆ ತಾಯಿ ಆ ದಿಕ್ಕಿನ ತೋಳಿಗೆ, ಅದು ಬಯಲೋ ಮುಚ್ಚಿದ್ದೋ ನೋಡದೆ, ಹೋಗಿ ನಿಂತು ತಲೆ ಆಡಿಸುತ್ತದೆ. ಕೋಣೆ ಮೌನವಾಗಿದೆ ಎಂದು ಬರೆದುಕೊಂಡವರಿಗೆ ಫಲಿತಾಂಶ ಯಾಕೆ ವಕ್ರವಾಯಿತು ಎಂದು ಗೊತ್ತಾಗುವುದೇ ಇಲ್ಲ. ಅಗ್ಗದ ಎಲ್‌ಇಡಿ ಅಡಾಪ್ಟರ್‌ಗಳೂ ಅಲ್ಟ್ರಾಸೌಂಡ್ ಹೊರಡಿಸಬಲ್ಲವು. ಬಾವಲಿ ಅಧ್ಯಯನದವರ ಬಳಿಯಿರುವ ಬ್ಯಾಟ್ ಡಿಟೆಕ್ಟರನ್ನು ಒಂದು ದಿನಕ್ಕೆ ಎರವಲು ಪಡೆದು ಕೋಣೆ ಪರೀಕ್ಷಿಸಿಕೊಳ್ಳಿ.

ಬಾಣಂತಿಯನ್ನು ಪರೀಕ್ಷಿಸುವ ಕ್ರಮ

ಹೆರಿಗೆಯ ದಿನ ಬರೆದಿಟ್ಟು, ಮರುದಿನ ಮರಿಗಳ ಸಂಖ್ಯೆಯನ್ನು ಎಲ್ಲ ಗೂಡಿಗೂ ಒಂದೇ ಮಾಡಿ. 8 ಮರಿ ಒಳ್ಳೆಯ ಸಂಖ್ಯೆ. ಪರೀಕ್ಷೆ ಮೊದಲ ವಾರದೊಳಗೆ, ಎಲ್ಲರಿಗೂ ಒಂದೇ ದಿನದ ಬಾಣಂತನದಲ್ಲಿ ನಡೆಯಲಿ. ಹೆರಿಗೆಯಾದ ಮೊದಲ 24 ಗಂಟೆಯೊಳಗೆ ಇಲಿ ಮತ್ತೆ ಬೆದೆಗೆ ಬರುತ್ತದೆ, ಆ ದಿನ ಬೇಡ. ಕನ್ಯೆಯರ ಗುಂಪಿಗೆ ಯೋನಿಸ್ರಾವದ ಸ್ಲೈಡ್ ನೋಡಿ ಡೈಈಸ್ಟ್ರಸ್, ಅಂದರೆ ಬೆದೆ ಇಲ್ಲದ ಹಂತದವರನ್ನೇ ತೆಗೆದುಕೊಳ್ಳಿ, ಯಾಕೆಂದರೆ ಬೆದೆಯ ಚಕ್ರದ ಜತೆ ಆತಂಕವೂ ಏರಿಳಿಯುತ್ತದೆ, ಹಾಲೂಡಿಸುವವರ ಚಕ್ರ ನಿಂತಿರುತ್ತದೆ. ಸ್ಲೈಡ್ ತೆಗೆಯುವ ಕೈಗೆ ಇಲಿ ಒಂದು ವಾರ ಮೊದಲೇ ಒಗ್ಗಿರಬೇಕು.

ಪರೀಕ್ಷೆಗೆ ತಾಯಿಯನ್ನು ಮಾತ್ರ ಎತ್ತಿ. ಮರಿಗಳು ತಮ್ಮ ಗೂಡಿನಲ್ಲೇ, ತಮ್ಮ ಕೋಣೆಯಲ್ಲೇ ಇರಲಿ, ಪಂಜರದ ಕೆಳಗೆ 33 ಡಿಗ್ರಿಗೆ ಹೊಂದಿಸಿದ ಹೀಟಿಂಗ್ ಪ್ಯಾಡ್ ಇರಲಿ. ಮೊದಲ ವಾರದ ಮರಿಗೆ ಮೈಶಾಖ ಕಾಪಾಡಿಕೊಳ್ಳಲು ಬರುವುದಿಲ್ಲ, ತಣ್ಣಗಾದ ಮರಿ ಹಿಂತಿರುಗಿದ ತಾಯಿಗೆ ಹೊಸ ಒತ್ತಡ. ಎತ್ತಿದ ಗಳಿಗೆಯಿಂದ ಹಲಗೆಗೆ ಬಿಡುವವರೆಗಿನ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ಹಿಡಿದು ಪ್ರತಿ ಇಲಿಯ ಎದುರು ಬರೆಯಿರಿ, 10 ನಿಮಿಷ ದಾಟಬೇಡಿ. ಎತ್ತುವ ಮುನ್ನ ತಾಯಿ ಗೂಡಿನ ಮೇಲಿದ್ದಳೇ, ಹೊರಗಿದ್ದಳೇ ಅನ್ನುವುದನ್ನೂ ಬರೆಯಿರಿ. ಮರಿಗಳಿಂದ ದೂರವಿಟ್ಟ ಗುಂಪು ಬೇಕೆಂದರೆ ಬೇಕಂತಲೇ ಒಂದು 4 ಗಂಟೆಯ ಗುಂಪು ಮಾಡಿ. ಅರೆಬರೆ ಅಗಲಿಕೆ ಬೇಡ. ಮರಿಗಳ ಬೇರ್ಪಡಿಕೆ ಮತ್ತು ಶಾಖದ ವ್ಯವಸ್ಥೆಯನ್ನು ಸಂಸ್ಥೆಯ ಪ್ರಾಣಿ ನೀತಿ ಸಮಿತಿಗೆ ಕೊಡುವ ಅರ್ಜಿಯಲ್ಲೇ ನಿಮಿಷ, ಡಿಗ್ರಿ ಸಮೇತ ಬರೆಯಬೇಕು.

ನಡುಚೌಕದಲ್ಲಿ ಬಿಡುವಾಗ ಇಲಿಯ ಮುಖ ಯಾವ ತೋಳಿನ ಕಡೆಗಿರಬೇಕು ಎಂದು ಮೊದಲೇ ನಿಶ್ಚಯಿಸಿ ಕೊನೆಯವರೆಗೂ ಹಾಗೇ ಮಾಡಿ. ಬಿಟ್ಟವರು ಕೋಣೆಯಿಂದ ಹೊರಗೆ ಹೋಗಿ. 5 ನಿಮಿಷವಾದ ಮೇಲೆ ಎತ್ತಿ ಗೂಡಿಗೆ ಬಿಡಿ, ಹಿಕ್ಕೆ ಎಣಿಸಿ, ಹಲಗೆ ತೊಳೆದು ಒಣಗಿಸಿ. ಇಲಿ ಕೆಳಗೆ ಬಿದ್ದರೆ ಆ ಅಂಕಿ ಬಿಡಿ, ಎತ್ತಿ ಮತ್ತೆ ಹಲಗೆಯ ಮೇಲಿಟ್ಟು ಮುಂದುವರಿಸಬೇಡಿ.

ಒಂದು ಇಲಿಗೆ ಒಂದೇ ಸಲ. ಇದು ಈ ಸಾಧನದ ದೊಡ್ಡ ಮಿತಿ, ಯಾವ ಮಾರಾಟಗಾರರ ಕರಪತ್ರದಲ್ಲೂ ಕಾಣುವುದಿಲ್ಲ. ಎರಡನೆಯ ಸಲ ಬಿಟ್ಟ ಇಲಿ ಬಯಲಿಗೆ ಕಡಿಮೆ ಬರುವುದಷ್ಟೇ ಅಲ್ಲ, ಆತಂಕ ತಗ್ಗಿಸುವ ಡಯಾಜೆಪಾಮ್ ಜಾತಿಯ ಔಷಧಕ್ಕೂ ಸ್ಪಂದಿಸುವುದನ್ನು ನಿಲ್ಲಿಸುತ್ತದೆ. ಸಾಂಡ್ರಾ ಫೈಲ್ ಇದನ್ನು ವಿವರವಾಗಿ ತೋರಿಸಿದ್ದಾರೆ. ಹಾಗಾಗಿ ಅದೇ ಇಲಿಯನ್ನು ಕನ್ಯೆಯಾಗಿದ್ದಾಗ ಒಮ್ಮೆ, ಬಾಣಂತಿಯಾದ ಮೇಲೆ ಒಮ್ಮೆ ನೋಡುತ್ತೇವೆ ಅನ್ನುವ ಯೋಜನೆ ಈ ಹಲಗೆಯ ಮೇಲೆ ನಡೆಯುವುದಿಲ್ಲ. ಎರಡನೆಯ ಸಲಕ್ಕೆ ಒಂದು ಬದಿ ಬೆಳಕು, ಒಂದು ಬದಿ ಕತ್ತಲೆ ಇರುವ ಲೈಟ್-ಡಾರ್ಕ್ ಪೆಟ್ಟಿಗೆಯಂಥ ಬೇರೆ ಸಾಧನ ಬೇಕು.

ಅಂಕಿ ಮತ್ತು ಸಾಫ್ಟ್‌ವೇರ್

ಒಂದು ಇಲಿ 60 ಸೆಕೆಂಡ್ ಬಯಲಿನಲ್ಲಿ, 180 ಸೆಕೆಂಡ್ ಮುಚ್ಚಿದ ತೋಳಿನಲ್ಲಿ, 60 ಸೆಕೆಂಡ್ ನಡುವಿನಲ್ಲಿ ಕಳೆಯಿತು ಅನ್ನೋಣ. ನಡುವಿನ ಸಮಯ ಬಿಟ್ಟು ಭಾಗಿಸಿದರೆ ಬಯಲಿನ ಪಾಲು 25 ಶೇಕಡಾ. ಒಟ್ಟು 300 ಸೆಕೆಂಡಿಗೆ ಭಾಗಿಸಿದರೆ 20. ಇಲಿ ಒಂದೇ, ಅಂಕಿ ಎರಡು. ಯಾವ ಸೂತ್ರ ಬಳಸಿದಿರಿ ಎಂದು ಬರೆಯದ ಪ್ರಬಂಧವನ್ನು ನಂಬಬೇಡಿ, ನೀವೂ ಹಾಗೆ ಬರೆಯಬೇಡಿ.

ಪ್ರವೇಶ ಎಂದರೆ ನಾಲ್ಕೂ ಕಾಲು ತೋಳಿನೊಳಗೆ ಬರಬೇಕು ಅನ್ನುವುದು ಕೈಯಿಂದ ಎಣಿಸುವವರ ನಿಯಮ. ಅಗ್ಗದ ಸಾಫ್ಟ್‌ವೇರ್ ಇಲಿಯ ಮೈಯ ನಡುಬಿಂದು ಗೆರೆ ದಾಟಿತೇ ಎಂದಷ್ಟೇ ನೋಡುತ್ತದೆ. ಉದ್ದ ಮೈಯ ಬಾಣಂತಿ ಹಿಂಗಾಲನ್ನು ನಡುಚೌಕದಲ್ಲೇ ಊರಿ, ಮುಂಗಾಲನ್ನು ಬಯಲು ತೋಳಿಗೆ ಚಾಚಿ, ಮೂಸಿ, ಹಿಂದೆ ಸರಿಯುತ್ತದೆ. ಸಾಫ್ಟ್‌ವೇರ್ ಇದನ್ನು ಬಯಲು ಪ್ರವೇಶ ಎಂದು ಎಣಿಸಿಬಿಡುತ್ತದೆ. ನಿಜವಾಗಿ ಇದು ಅಪಾಯವನ್ನು ಅಳೆದು ನೋಡುವ ವರ್ತನೆ, ಆತಂಕದ ಲಕ್ಷಣ, ಧೈರ್ಯದ್ದಲ್ಲ. ಹೀಗೆ ಚಾಚುವುದನ್ನು, ಅಂಚಿನಿಂದ ತಲೆ ಇಳಿಸಿ ಕೆಳಗೆ ನೋಡುವುದನ್ನು ಕಣ್ಣಿನಿಂದ ನೋಡಿ ಪ್ರತ್ಯೇಕ ಬರೆಯಬೇಕು. ವಿಡಿಯೋ ನೋಡುವವರಿಗೆ ಯಾವ ಇಲಿ ಯಾವ ಗುಂಪಿನದು ಎಂದು ಗೊತ್ತಿರಬಾರದು. ತಾಳ್ಮೆಯ ಇಬ್ಬರು ವಿದ್ಯಾರ್ಥಿಗಳು ಸ್ವತಂತ್ರವಾಗಿ ಎಣಿಸಿದರೆ ದುಬಾರಿ ಪ್ಯಾಕೇಜಿಗಿಂತ ಒಳ್ಳೆಯ ಮಾಹಿತಿ ಸಿಗುತ್ತದೆ.

ಮುಚ್ಚಿದ ತೋಳಿಗೆ ಎಷ್ಟು ಸಲ ಹೋಯಿತು ಅನ್ನುವುದು ಓಡಾಟದ ಅಳತೆ. ಅದು ಎರಡೂ ಗುಂಪಿನಲ್ಲಿ ಸಮವಿದ್ದರೆ ಮಾತ್ರ ಬಯಲಿನ ವ್ಯತ್ಯಾಸವನ್ನು ಆತಂಕ ಎನ್ನಬಹುದು. ಸಿಆರ್‌ಎಫ್ ಕೊಡುವ ಪ್ರಯೋಗದಲ್ಲಿ ಇದು ವಿಶೇಷ ಎಚ್ಚರಿಕೆಯ ಜಾಗ, ಯಾಕೆಂದರೆ ಪರಿಚಿತ ಪಂಜರದಲ್ಲಿ ಓಡಾಟ ಹೆಚ್ಚಿಸುವ ಇದೇ ಪೆಪ್ಟೈಡ್ ಅಪರಿಚಿತ ಜಾಗದಲ್ಲಿ ಓಡಾಟ ತಗ್ಗಿಸುತ್ತದೆ.

ಹೊಸ ಮೇಜ್ ಬಂದ ಕೂಡಲೇ ಕನ್ಯೆ ಇಲಿಗಳಲ್ಲಿ ಡಯಾಜೆಪಾಮ್‌ನಿಂದ ಪರೀಕ್ಷಿಸಿಕೊಳ್ಳಿ: ಕಿಲೋಗೆ 1 ಮಿ.ಗ್ರಾಂ, ಹೊಟ್ಟೆಯೊಳಗೆ ಚುಚ್ಚಿ, 30 ನಿಮಿಷ ಬಿಟ್ಟು. ಬಯಲಿನ ಪಾಲು ಏರದಿದ್ದರೆ ನಿಮ್ಮ ಬೆಳಕಿನಲ್ಲೋ ಕೋಣೆಯಲ್ಲೋ ದೋಷವಿದೆ. ಡೋಸ್ ಏರಿಸುತ್ತ ಹೋದರೆ ಇಲಿಗೆ ಮಂಪರು ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಬಾಣಂತಿಗಳಲ್ಲಿ ಈ ಪರೀಕ್ಷೆ ಬೇಡ, ಔಷಧ ಹಾಲಿಗೆ ಇಳಿಯುತ್ತದೆ.

ಕಾರ್ಟಿಕೋಸ್ಟೆರಾನ್ ಅಳೆಯುವುದಿದ್ದರೆ ಮೂಲಮಟ್ಟದ ರಕ್ತವನ್ನು ಪಂಜರ ಮುಟ್ಟಿದ 3 ನಿಮಿಷದೊಳಗೆ, ಬೇರೆ ದಿನ ತೆಗೆಯಿರಿ. ಮೇಜ್ ಸ್ವತಃ ಒಂದು ಒತ್ತಡ, ಹಾರ್ಮೋನ್ ಸುಮಾರು 20ರಿಂದ 30 ನಿಮಿಷದಲ್ಲಿ ಶಿಖರ ಮುಟ್ಟುತ್ತದೆ. ಮೇಜ್‌ನಿಂದ ಇಳಿಸಿದ ಕೂಡಲೇ ತೆಗೆದ ರಕ್ತ ಮೂಲಮಟ್ಟವೂ ಅಲ್ಲ, ಶಿಖರವೂ ಅಲ್ಲ. ಕತ್ತಲೆಯ ಅವಧಿ ಶುರುವಾಗುವ ಹೊತ್ತಿಗೆ ಈ ಹಾರ್ಮೋನ್ ತಾನಾಗಿಯೇ ಏರಿರುತ್ತದೆ, ಹಾಗಾಗಿ ಎಲ್ಲ ಮಾದರಿಯೂ ಬೆಳಗಿನದೇ ಆಗಿರಲಿ.

ಈ ಹಲಗೆ ಹೇಳದ್ದು

ಆತಂಕ ಹೆಚ್ಚಿದ್ದರೆ ತಾಯ್ತನ ಕಡಿಮೆ ಎಂದು ಪ್ಲಸ್ ಮೇಜ್‌ನ ಅಂಕಿಯಿಂದ ತೀರ್ಮಾನಿಸುವ ಆಸೆ ಬರುತ್ತದೆ. ಹಾಗಾಗುವುದಿಲ್ಲ. ಮ್ಯೂನಿಕ್‌ನ ಮ್ಯಾಕ್ಸ್ ಪ್ಲಾಂಕ್ ಮನೋವೈದ್ಯ ಸಂಸ್ಥೆಯಲ್ಲಿ ರೈನರ್ ಲಾಂಡ್‌ಗ್ರಾಫ್ ತಂಡ ಇದೇ ಮೇಜ್‌ನ ಅಂಕಿ ನೋಡಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಎರಡು ಇಲಿ ತಳಿಗಳಿವೆ: ಬಯಲಿಗೆ ಬರಲು ಹೆದರುವ ಎಚ್‌ಎಬಿ, ನಿರ್ಭಯವಾಗಿ ತಿರುಗುವ ಎಲ್‌ಎಬಿ. ಹೆದರುವ ಎಚ್‌ಎಬಿ ತಾಯಂದಿರೇ ಮರಿಗಳನ್ನು ಹೆಚ್ಚು ಹಚ್ಚಿಕೊಂಡು ಕೂರುತ್ತಾರೆ, ಗೂಡಿಗೆ ಬಂದವರ ಮೇಲೆ ಹೆಚ್ಚು ಉಗ್ರವಾಗಿ ಎರಗುತ್ತಾರೆ. ಆ ಹೊತ್ತಿನಲ್ಲಿ ಅವರ ಮಿದುಳಿನಲ್ಲಿ ತಾಯ್ತನದ ಜತೆ ನಂಟಿರುವ ಆಕ್ಸಿಟೋಸಿನ್ ಹಾರ್ಮೋನ್ ಹೆಚ್ಚು ಹೊರಡುತ್ತದೆ ಎಂದು ಬಾಶ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ತಾಯ್ತನ ನೋಡಬೇಕೆಂದರೆ ಗೂಡಿನ ಮುಂದೆಯೇ ಕೂರಬೇಕು: ಬೆನ್ನು ಕಮಾನು ಮಾಡಿ ಹಾಲೂಡಿಸುವುದು, ನೆಕ್ಕುವುದು, ಚದುರಿದ ಮರಿಯನ್ನು ಬಾಯಲ್ಲಿ ಕಚ್ಚಿ ತರುವುದು, ಇವನ್ನು ಕೆಲವು ನಿಮಿಷಕ್ಕೊಮ್ಮೆ ಗುರುತು ಹಾಕಿಕೊಳ್ಳುತ್ತ. ಮಾಂಟ್ರಿಯಲ್‌ನ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿ ತಂಡ ಹೀಗೆ ಹೆಚ್ಚು ನೆಕ್ಕುವ, ಕಡಿಮೆ ನೆಕ್ಕುವ ತಾಯಂದಿರನ್ನು ಬೇರ್ಪಡಿಸಿ, ಹೆಚ್ಚು ನೆಕ್ಕಿಸಿಕೊಂಡ ಮರಿ ದೊಡ್ಡದಾದಾಗ ಒತ್ತಡಕ್ಕೆ ಕಡಿಮೆ ಹಾರ್ಮೋನ್ ಹೊರಡಿಸುತ್ತದೆ ಎಂದು 1997ರಲ್ಲಿ ಪ್ರಕಟಿಸಿತು. ಇದನ್ನು ಕಂಡದ್ದು ಗೂಡಿನ ಮುಂದೆ ಕೂತವರು.

ಹಾಗೆಂದು ಹಲಗೆಯನ್ನು ಕಡೆಗಣಿಸಬೇಕಿಲ್ಲ. ಒತ್ತಡ ಮುಗಿದ ಎಷ್ಟು ದಿನದ ಮೇಲೆ ನೋಡುತ್ತೀರಿ ಅನ್ನುವುದನ್ನು ಸರಿಯಾಗಿ ಯೋಜಿಸಿದರೆ ಇದು ಎಷ್ಟು ಸೂಕ್ಷ್ಮ ಸಾಧನ ಎನ್ನುವುದಕ್ಕೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಕೆಲಸವೇ ಸಾಕ್ಷಿ. ಸುಮಂತ್ರ ಚಟರ್ಜಿ ತಂಡ 2005ರಲ್ಲಿ ಪ್ರಕಟಿಸಿದಂತೆ, 2 ಗಂಟೆಯ ಒಂದೇ ಒಂದು ಕಟ್ಟಿಹಾಕುವ ಒತ್ತಡದ ಪರಿಣಾಮ ತಕ್ಷಣ ಕಾಣಲಿಲ್ಲ. 10 ದಿನದ ನಂತರ ಅಮಿಗ್ಡಲಾದ ನರಕೋಶಗಳಲ್ಲಿ ಮುಳ್ಳಿನಂಥ ಹೊಸ ಚಾಚುಗಳು ಹೆಚ್ಚಿದ್ದವು, ಅದೇ ಇಲಿಗಳಲ್ಲಿ ಆತಂಕವೂ ಹೆಚ್ಚಿತ್ತು, ಅದನ್ನು ಹಿಡಿದುಕೊಟ್ಟದ್ದು ಪ್ಲಸ್ ಮೇಜ್. ಬಾಣಂತಿಗೆ ಗರ್ಭದಲ್ಲೋ ಹೆರಿಗೆಯ ಮರುದಿನವೋ ಒತ್ತಡ ಕೊಡುವವರು ಈ 10 ದಿನದ ಅಂತರವನ್ನು ನೆನಪಿಡಬೇಕು. ಹೆರಿಗೆಯ ಮರುದಿನ ಕೊಟ್ಟಿದ್ದರೆ ಆ ಹೊತ್ತಿಗೆ ಬಾಣಂತಿಯ ಸಹಜ ಧೈರ್ಯದ ಮೊದಲ ವಾರ ದಾಟಿರುತ್ತದೆ.

ಪ್ರತಿಸ್ಪರ್ಧಿ ಎಂದರೆ ಜೀರೋ ಮೇಜ್. 1994ರಲ್ಲಿ ಶೆಫರ್ಡ್ ಮತ್ತು ಸಂಗಡಿಗರು ವಿವರಿಸಿದ ಈ ಉಂಗುರದಲ್ಲಿ ನಡುಚೌಕವೇ ಇಲ್ಲ, ಹಾಗಾಗಿ 25 ಮತ್ತು 20ರ ಗೊಂದಲವೂ ಇಲ್ಲ, ತುದಿಯಲ್ಲಿ ತಿರುಗುವ ಕಷ್ಟವೂ ಇಲ್ಲ. ಭಾರದ ಬಾಣಂತಿಗೆ ಇದು ಹೆಚ್ಚು ಅನುಕೂಲ ಎಂದೇ ನನ್ನ ಎಣಿಕೆ. ಆದರೆ ಬಾಣಂತಿ ಇಲಿಗಳ ಹೆಚ್ಚಿನ ಹಳೆಯ ಅಂಕಿಗಳು ಪ್ಲಸ್ ಮೇಜ್‌ನವು, ಹೋಲಿಕೆಗೆ ಅವೇ ಬೇಕು. ವೃತ್ತಾಕಾರದ ಗೋಡೆ ಬಾಗಿಸುವ ಕೆಲಸ ಸ್ಥಳೀಯ ಫ್ಯಾಬ್ರಿಕೇಟರ್‌ಗಳಿಗೆ ಸುಲಭವೂ ಅಲ್ಲ. ಪ್ಲಸ್ ಮೇಜ್ ಅನ್ನು ಒಳ್ಳೆಯ ಫ್ಯಾಬ್ರಿಕೇಟರ್ ಆರಾಮವಾಗಿ ಮಾಡಿಕೊಡುತ್ತಾರೆ. ಆಮದು ಸೆಟ್‌ಗೆ ಕೊಡುವ ಹೆಚ್ಚಿನ ಹಣ ಬಹುಮಟ್ಟಿಗೆ ಹೆಸರಿಗೆ ಮತ್ತು ಸಾಫ್ಟ್‌ವೇರಿಗೆ ಹೋಗುತ್ತದೆ.

ಆರ್ಡರ್ ಕೊಡುವಾಗ ಕಾಗದದ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಿ: ತೋಳು 50 ಸೆಂ.ಮೀ., ಅಗಲ ಒಳ ಅಳತೆ 10 ಸೆಂ.ಮೀ., ಅಪಾರದರ್ಶಕ ಗೋಡೆ 40 ಸೆಂ.ಮೀ., ಬಯಲು ತೋಳಿಗೆ ಅರ್ಧ ಸೆಂ.ಮೀ. ಅಂಚು, ಮ್ಯಾಟ್ ಕಪ್ಪು ಪಿವಿಸಿ ನೆಲ, ನಾಲ್ಕು ತೋಳಿನ ಕೆಳಗೂ ಲೆವೆಲ್ ಸ್ಕ್ರೂ ಇರುವ ಕಾಲು, ತುದಿಯಲ್ಲಿ 500 ಗ್ರಾಂಗೆ ಬಗ್ಗದಿರುವುದು, ಎಲ್ಲ ಸಂದಿಗೂ ಸೀಲಂಟ್. ಒಳ ಅಳತೆ ಎಂದು ಬರೆಯದಿದ್ದರೆ ಗೋಡೆಯ ದಪ್ಪವನ್ನೂ ಸೇರಿಸಿ 10 ಸೆಂ.ಮೀ. ಮಾಡಿ ತಂದುಕೊಡುತ್ತಾರೆ, ಇಲಿಗೆ ಉಳಿಯುವುದು ಒಂಬತ್ತೇ.